ಹಿತ್ತಲ ಬಾಗಿಲಲ್ಲಿ ಒಂದು ಲೋಟ ಸಕ್ಕರೆ

ವರ್ಡೆಲ್ ಗ್ಯಾಡ್ಸನ್ ಬಗ್ಗೆ ಬರೆಯಲು ಕೂತರೆ ನನಗೆ ಮೊದಲು ಬರುವುದು ಸಿಟ್ಟು, ಆಮೇಲೆ ಹಸಿವು. ಉತ್ತರ ಫಿಲಡೆಲ್ಫಿಯಾದ ನಮ್ಮ ಬೀದಿಯಲ್ಲಿ ಮನೆಗಳು ಹೆಗಲಿಗೆ ಹೆಗಲು ತಾಗಿಸಿಕೊಂಡೇ ನಿಂತಿವೆ. ಅವಳ ಅಡುಗೆಮನೆಯ ಗೋಡೆಯೂ ನನ್ನ ಅಡುಗೆಮನೆಯ ಗೋಡೆಯೂ ಒಂದೇ. ಅವಳು ಆ ಕಡೆ ಬಾಣಲೆ ಇಟ್ಟರೆ ಈ ಕಡೆ ನನ್ನ ಅಂಗಿಗೆ ಮೀನಿನ ವಾಸನೆ ಹತ್ತುತ್ತದೆ. ನಾನು ನಗರದ ಬಸ್ಸು ಓಡಿಸುತ್ತಿದ್ದ ಕಾಲದಲ್ಲಿ ಶುಕ್ರವಾರ ಹತ್ತಿದವರು ನನ್ನ ಅಂಗಿಯ ವಾಸನೆ ಹಿಡಿದೇ ಕೇಳುತ್ತಿದ್ದರು: "ಏನ್ ಥರ್ಲೋ, ಇವತ್ತು ಮಿಸ್ ವರ್ಡೆಲ್ ಪ್ಲೇಟ್ ಮಾರ್ತಿದಾರಾ?"

ಮಿಸ್ ಅನ್ನುವುದು ಮದುವೆಯಾದ ಹಿರಿಯ ಹೆಂಗಸರಿಗೂ ನಮ್ಮಲ್ಲಿ ಕೊಡುವ ಮರ್ಯಾದೆ; ಪ್ಲೇಟ್ ಮಾರುವುದು ವ್ಯಾಪಾರವಲ್ಲ. ಬೀದಿಯಲ್ಲಿ ಯಾರದೋ ಮನೆಗೆ ಕಷ್ಟ ಬಂದಿದೆ ಎಂದು ಅದರರ್ಥ. ಶುಕ್ರವಾರ ಬೆಳಿಗ್ಗೆ ವರ್ಡೆಲ್ ತನ್ನ ಮುಂಬಾಗಿಲ ಮೆಟ್ಟಿಲ ಮೇಲೆ ನೀಲಿ ಐಸ್ ಪೆಟ್ಟಿಗೆ ಇಟ್ಟಳೆಂದರೆ ಮಧ್ಯಾಹ್ನದ ಹೊತ್ತಿಗೆ ಜನ ಸೇರುತ್ತಾರೆ. ಮೆಕ್ಕೆಜೋಳದ ಹಿಟ್ಟು ಸವರಿ ಕರಿದ ಮೀನು, ಚೀಸು ಸುರಿದು ಬೇಯಿಸಿದ ಮ್ಯಾಕರೋನಿ, ಹುರುಳಿಕಾಯಿ, ಎರಡು ತುಂಡು ಬಿಳಿ ಬ್ರೆಡ್ಡು, ಮೇಲೆ ಖಾರದ ಸಾಸು. ದುಡ್ಡನ್ನು ಹಳೆಯ ಕಾಫಿ ಡಬ್ಬಿಗೆ ಅವರವರೇ ಹಾಕುತ್ತಾರೆ. ಯಾರಿಗಾಗಿ ಮಾರುತ್ತಿದ್ದೀರಿ ಎಂದು ಯಾರೂ ಕೇಳುವಂತಿಲ್ಲ. ಕೇಳಿದವನಿಗೆ ಅವಳ ಜಾಲರಿ ಸೌಟಿನ ರುಚಿ ಸಿಗುತ್ತದೆ.

ಸಂಜೆ ಎಣ್ಣೆ ಆರಿದ ಮೇಲೆ, ಕಷ್ಟದಲ್ಲಿರುವವರು ಹಿಂದಿನ ಓಣಿಯಿಂದ ಬಂದು ಹಿತ್ತಲ ಬಾಗಿಲು ತಟ್ಟುತ್ತಾರೆ. "ಮಿಸ್ ವರ್ಡೆಲ್, ಒಂದು ಲೋಟ ಸಕ್ಕರೆ ಇದೆಯಾ?" ಎನ್ನುತ್ತಾರೆ. ಅವಳು "ಇಲ್ಲದೆ ಏನು" ಎಂದು ಆ ಡಬ್ಬಿಯನ್ನೇ ಕೈಗಿಡುತ್ತಾಳೆ. ಸೋಮವಾರ ಖಾಲಿ ಡಬ್ಬಿ ಅವಳ ಮೆಟ್ಟಿಲ ಮೇಲೆ ವಾಪಸು ಬಂದು ಕೂತಿರುತ್ತದೆ. ಅಷ್ಟೇ. ಅರ್ಜಿಯಿಲ್ಲ, ವಿಚಾರಣೆಯಿಲ್ಲ, ಅಯ್ಯೋ ಪಾಪ ಎನ್ನುವವರಿಲ್ಲ. ನಾನೂ ಒಮ್ಮೆ ಸಕ್ಕರೆ ಕೇಳಿದವನೇ. ಬಸ್ಸಿನವರ ಮುಷ್ಕರ ನಡೆದಿತ್ತು, ಮನೆಯಲ್ಲಿ ಹಸುಗೂಸಿತ್ತು. ಅವಳು ನನ್ನ ಮುಖವನ್ನೂ ನೋಡದೆ ಡಬ್ಬಿ ಕೊಟ್ಟು, "ಬಾಗ್ಲು ಎಳ್ಕೊಂಡು ಹೋಗು, ನೊಣ ಬರುತ್ತೆ" ಎಂದಿದ್ದಳು. ಆ ಮಾತಿಗೆ ನಾನು ಇವತ್ತಿಗೂ ಋಣಿ.

ಇದನ್ನು ಸುರು ಮಾಡಿದ್ದು ಅವಳ ಅಜ್ಜಿ. ದಕ್ಷಿಣ ಕೆರೊಲಿನಾದ ಹತ್ತಿ ಹೊಲದಿಂದ ಮೊಮ್ಮಗಳ ಕೈ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಈ ಕಬ್ಬಿಣದ ಬಾಣಲೆ ಹಿಡಿದುಕೊಂಡು ರೈಲಿಳಿದವಳು. ವರ್ಡೆಲ್ ಹುಡುಗಿಯಾಗಿದ್ದಾಗ ಟೋಪಿ ಕಾರ್ಖಾನೆಗೆ ಸೇರಿದಳು. ಅದು ಮುಚ್ಚಿತು. ಆಮೇಲೆ ಸರ್ಕಾರಿ ಶಾಲೆಯ ಅಡುಗೆಮನೆ ಸೇರಿ, ಕೂದಲು ಬೆಳ್ಳಗಾಗುವವರೆಗೆ ಬೇರೆಯವರ ಮಕ್ಕಳಿಗೆ ಬಡಿಸಿದಳು. ತನಗೆ ಮಕ್ಕಳಾಗಲಿಲ್ಲ. ಗಂಡ ಏಮಸ್ ಒಳ್ಳೆಯವ, ಎದೆನೋವಿನಿಂದ ಬೇಗ ಹೋದ. ಉಳಿದದ್ದು ಮನೆ, ಬಾಣಲೆ, ಶುಕ್ರವಾರ.

ಆಗೆಲ್ಲ ಕಷ್ಟವೂ ಮರ್ಯಾದೆಯಿಂದ ಬರುತ್ತಿತ್ತು. ಒಂದು ಮನೆ ಬಿಟ್ಟು ಇನ್ನೊಂದು ಮನೆಗೆ. ಒಬ್ಬನ ಕೆಲಸ ಹೋದರೆ ಉಳಿದವರಿಗೆ ಕೆಲಸ ಇರುತ್ತಿತ್ತು. ಅವರು ನಾಲ್ಕು ನಾಲ್ಕು ಪ್ಲೇಟ್ ಕೊಂಡು ಡಬ್ಬಿ ತುಂಬಿಸುತ್ತಿದ್ದರು. ಈಗಿನ ಕಥೆ ಬೇರೆ. ನಾವು ಅವೆನ್ಯೂ ಎನ್ನುವ ದೊಡ್ಡ ರಸ್ತೆಯಲ್ಲಿ ಔಷಧಿ ಅಂಗಡಿ ಮುಚ್ಚಿತು, ಬ್ಯಾಂಕು ಮುಚ್ಚಿತು, ಬ್ಯಾಂಕಿದ್ದ ಕಡೆ ಚೆಕ್ ಮುರಿಸಿಕೊಡುವ, ಬಿಲ್ಲು ಕಟ್ಟಿಸಿಕೊಳ್ಳುವ ಅಂಗಡಿ ಬಂತು. ಯಾರೋ ಮುಖ ತೋರಿಸದ ಕಂಪನಿಯವರು ಒಂದೊಂದೇ ಮನೆ ಕೊಂಡು, ಬಾಗಿಲಿಗೆ ಬೂದಿ ಬಣ್ಣ ಬಳಿದು, ಬಾಡಿಗೆ ಏರಿಸಿದರು. ಬೂದಿ ಬಾಗಿಲು ಕಂಡರೆ ಒಳಗಿರುವವರು ಇನ್ನು ಹೆಚ್ಚು ದಿನ ಇರುವುದಿಲ್ಲ ಎಂದೇ ಲೆಕ್ಕ. ನಾಲ್ಕು ಪ್ಲೇಟ್ ಕೊಳ್ಳುತ್ತಿದ್ದವರು ಒಂದು ಕೊಂಡು ಮನೆಮಂದಿಯೆಲ್ಲ ಹಂಚಿಕೊಳ್ಳತೊಡಗಿದರು. ಟೀವಿಯವರು ಬಂದು ನಮ್ಮ ಮುರುಕು ಕಿಟಕಿಗಳಿಗೆ ಕ್ಯಾಮೆರಾ ಹಿಡಿದು, ನಗರದಲ್ಲಿ ಬಡತನ ಏರುತ್ತಿದೆ ಎಂದು ಹೇಳಿಹೋದರು. ನಮಗೆ ಗೊತ್ತಿರಲಿಲ್ಲ ನೋಡಿ, ಹೇಳಿ ಉಪಕಾರ ಮಾಡಿದರು!

ಈ ವರ್ಷ ಚಳಿಗಾಲ ಮುಗಿಯಲೇ ಇಲ್ಲ. ನಮ್ಮ ಬೀದಿಯ ಕ್ಷೌರಿಕ ಹೋಬಾರ್ಟ್‌ಗೆ ಅಂಗಡಿ ಕೈತಪ್ಪಿ, ಮನೆ ಬೆಚ್ಚಗಿಡುವ ಬಾಯ್ಲರೂ ಕೆಟ್ಟು, ಅವನು ಇಡೀ ಜನವರಿ ವರ್ಡೆಲ್‌ಳ ಅಡುಗೆಮನೆಯಲ್ಲೇ ಕೂತು ಕಳೆದ. ಎದುರು ಸಾಲಿನ ಡೆಲ್ಫಿನ್ ಮುದುಕರ ಮನೆಗಳಿಗೆ ಹೋಗಿ ಅವರಿಗೆ ಸ್ನಾನ ಮಾಡಿಸುವ, ಊಟ ಮಾಡಿಸುವ ಕೆಲಸದವಳು. ಅವಳ ಇಬ್ಬರು ಹೆಣ್ಣುಮಕ್ಕಳು ಶಾಲೆ ಬಿಟ್ಟ ಮೇಲೆ ಅಲ್ಲಿಗೇ ಬಂದು ಒಲೆಯ ಮುಂದೆ ಕೂತು ಓದುತ್ತಿದ್ದರು. ಅವರೆಲ್ಲರಿಗಾಗಿ ವರ್ಡೆಲ್ ಓವನ್ ಬಾಗಿಲು ತೆರೆದಿಟ್ಟು ಗ್ಯಾಸ್ ಉರಿಸಿದಳು. ಚಳಿಗಾಲದಲ್ಲಿ ಬಾಕಿಯಿದ್ದರೂ ಗ್ಯಾಸಿನವರು ಯಾರ ಮನೆಯ ಪೈಪನ್ನೂ ಕತ್ತರಿಸುವಂತಿಲ್ಲ, ಹಾಗೆಂದು ಕಾನೂನಿದೆ. ಏಪ್ರಿಲ್ ಬಂತೆಂದರೆ ಚೀಟಿ ಅಂಟಿಸಲು ಸುರು. ಆ ಚೀಟಿ ಈ ಸಲ ವರ್ಡೆಲ್ ಬಾಗಿಲಿಗೂ ಬಂತು: ಬಾಕಿ ಕಟ್ಟದಿದ್ದರೆ ಸೋಮವಾರ ಗ್ಯಾಸ್ ಬಂದ್. ಅವಳು ಅದನ್ನು ಕಿತ್ತು ಮಡಚಿ ಏಪ್ರನ್ ಜೇಬಿಗೆ ಹಾಕಿದ್ದನ್ನು ಪಕ್ಕದ ಮೆಟ್ಟಿಲ ಮೇಲೆ ಕೂತಿದ್ದ ನಾನೊಬ್ಬನೇ ನೋಡಿದೆ.

ಬಿಲ್ ಕಟ್ಟಲಾಗದವರಿಗೆ ಸಹಾಯ ಮಾಡುವ ಸರ್ಕಾರಿ ಕಚೇರಿಗೆ ನಾನು ಫೋನ್ ಹಚ್ಚಿದೆ. ಒಂದು ಒತ್ತಿ, ಎರಡು ಒತ್ತಿ, ನಿಮ್ಮ ಕರೆ ನಮಗೆ ಬಹಳ ಮುಖ್ಯ, ನಡುವೆ ಪಿಟೀಲು. ಒಂದು ಬೆಳಗು ಇಡೀ ಆ ಪಿಟೀಲು ಕೇಳಿದ ಮೇಲೆ ಒಬ್ಬ ಹುಡುಗಿ ಸಿಕ್ಕಿ, ಈ ವರ್ಷದ ಹಣ ಖರ್ಚಾಗಿದೆ, ನವೆಂಬರಿನಲ್ಲಿ ಮತ್ತೆ ಫೋನ್ ಮಾಡಿ ಎಂದಳು. ನವೆಂಬರ್ ತನಕ ಮೀನನ್ನು ಬಿಸಿಲಲ್ಲಿ ಕರಿಯುವುದಾ ಎಂದು ಕೇಳಿದೆ. ಅವಳು ಒಳ್ಳೆಯ ದಿನವಾಗಲಿ ಎಂದು ಹಾರೈಸಿ ಫೋನ್ ಇಟ್ಟಳು. ನನ್ನ ಕೈಯಿಂದಲೇ ಕೊಡೋಣವೆಂದರೆ, ನನ್ನ ಪಿಂಚಣಿ ಬ್ಯಾಂಕಿಗೆ ಬಂದ ದಿನವೇ ಮಗಳ ಬಾಡಿಗೆಗೆ ಹೋಗುತ್ತದೆ.

"ನಿನಗೇ ಅಂತ ಒಂದ್ಸಲ ಮಾರು," ಎಂದೆ ವರ್ಡೆಲ್‌ಗೆ.

"ಬಾಯ್ ಮುಚ್ಚು."

"ಯಾಕೆ? ಊರಿಗೆಲ್ಲ ಮಾರ್ತೀಯ. ನಿನ್ನ ಒಲೆ ಹೋದ್ರೆ ಆಮೇಲೆ ಯಾರಿಗೆ ತಾನೇ ಏನ್ ಮಾರ್ತೀಯ?"

"ಮಾರೋದೇನೋ ಮಾರ್ಬಹುದು ಥರ್ಲೋ. ಆಮೇಲೆ ನಾನು ಯಾರ ಬಾಗ್ಲಿಗೆ ಹೋಗಿ ಸಕ್ಕರೆ ಕೇಳ್ಲಿ?"

ಆದರೆ ಗುರುವಾರ ಬೆಳಿಗ್ಗೆ ಅವಳು ಕೋಟು ತೊಟ್ಟು ನನ್ನ ಕಾರಿನ ಪಕ್ಕ ನಿಂತಿದ್ದಳು. "ಮೀನು ತರ್ಬೇಕು, ನಡಿ," ಎಂದಳು. ಮೀನಿನ ಕಟ್ಟೆಯಲ್ಲಿ ಎಂದಿನಂತೆ ಜೋರು: ಕಿವಿರು ಎತ್ತಿ ನೋಡಿದಳು, ಕಣ್ಣು ಒತ್ತಿ ನೋಡಿದಳು, ಮಾರುವವನಿಗೆ "ಇದು ಈಸ್ಟರ್‌ಗೆ ಮುಂಚೆ ಸತ್ತಿದ್ದು, ನಿನ್ನ ಅತ್ತೆಗೆ ಕೊಡು" ಎಂದಳು. ಬರುವಾಗ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಕಿಟಕಿಯ ಆಚೆ ನೋಡುತ್ತಿದ್ದಳು. ಅವಳಿಗೆ ಎಷ್ಟು ನಾಚಿಕೆಯಾಗುತ್ತಿದೆ ಎಂದು ನನಗೆ ಅರ್ಥವಾಯಿತು.

ಶುಕ್ರವಾರ ನೀಲಿ ಪೆಟ್ಟಿಗೆ ಮೆಟ್ಟಿಲಿಗೆ ಬಂತು. ನಾನು ಬ್ರೆಡ್ಡು ಜೋಡಿಸುತ್ತ, ಪ್ಲೇಟುಗಳನ್ನು ಮುಂಬಾಗಿಲಿಗೆ ಸಾಗಿಸುತ್ತ ಇದ್ದೆ. ಜನ ಬಂದರು. ಬರುವುದಕ್ಕೇನು, ವಾಸನೆಗೆ ಎಲ್ಲರೂ ಬರುತ್ತಾರೆ. ಡಬ್ಬಿಯ ಹತ್ತಿರ ಕೈ ಹೋಗುವಾಗ ಮಾತ್ರ ನಿಧಾನ. ಹೋಬಾರ್ಟ್ ತನ್ನ ಪಾಲಿನ ಮೀನನ್ನು ಬಾಲ ಹಿಡಿದು ಎತ್ತಿ ನೋಡಿದ.

"ಮಿಸ್ ವರ್ಡೆಲ್, ಇದೇನು ಇಷ್ಟು ಸಣಕಲು? ಉಪವಾಸ ಗಿಪವಾಸ ಬಿದ್ದಿತ್ತಾ?"

"ಅದೂ ನಮ್ ಬೀದೀದೇ ಕಣೋ," ಎಂದಳು ವರ್ಡೆಲ್ ಒಳಗಿಂದಲೇ. "ಬಾಡಿಗೆ ಕಟ್ಟೋಕೆ ಊಟ ಬಿಟ್ಟಿದೆ."

ಸಾಲಿನಲ್ಲಿದ್ದವರೆಲ್ಲ ನಕ್ಕರು. ಹೋಬಾರ್ಟ್ ಎಲ್ಲರಿಗಿಂತ ಜೋರಾಗಿ ನಕ್ಕ. ಮಂಗಳವಾರ ಅವನ ಮನೆಯ ಕರೆಂಟು ಕಿತ್ತಿದ್ದರು. ಪಕ್ಕದ ಮನೆಯ ಕಿಟಕಿಯಿಂದ ಅವನ ಕಿಟಕಿಗೆ ಒಂದು ಕಿತ್ತಳೆ ಬಣ್ಣದ ವೈರು ಹೋಗಿದ್ದನ್ನು ಇಡೀ ಬೀದಿ ನೋಡಿತ್ತು. ಅವನ ಹಿಂದೆ ಡೆಲ್ಫಿನ್ ನಿಂತಿದ್ದಳು, ಕೆಲಸದ ನೀಲಿ ಅಂಗಿಯಲ್ಲೇ. ಅವಳ ಕೆಲಸದ ಗಂಟೆಗಳನ್ನು ಅರ್ಧಕ್ಕಿಳಿಸಿದ್ದರು. ಅವಳ ಬಾಗಿಲಿಗೆ ಹೋದ ತಿಂಗಳು ಬೂದಿ ಬಣ್ಣ ಬಿದ್ದಿತ್ತು. ಅವಳು ಒಂದು ಪ್ಲೇಟ್ ತೆಗೆದುಕೊಂಡು, ದುಡ್ಡು ಹಾಕಿ, ವರ್ಡೆಲ್ ಕಡೆ ನೋಡಿ, "ದೇವರು ನಿಮ್ಮನ್ನ ಚೆನ್ನಾಗಿ ಇಟ್ಟಿರ್ಲಿ ಮಿಸ್ ವರ್ಡೆಲ್" ಎಂದಳು. ಅವಳ ಕಣ್ಣು ತುಂಬಿತ್ತು. ಒಂದು ಪ್ಲೇಟ್ ಮೀನಿಗೆ ಇಷ್ಟೊಂದು ಯಾಕೆ ಎಂದು ನನಗೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ, ನಾನು ಬ್ರೆಡ್ಡು ಮುಗಿದದ್ದರ ಚಿಂತೆಯಲ್ಲಿದ್ದೆ.

ಸಂಜೆ ಬಿಸಿಲು ಓಣಿಗೆ ಇಳಿಯುವ ಹೊತ್ತಿಗೆ ಎಲ್ಲ ಮುಗಿದಿತ್ತು. ವರ್ಡೆಲ್ ಎಣ್ಣೆಯನ್ನು ಬಟ್ಟೆಯಲ್ಲಿ ಸೋಸುತ್ತಿದ್ದಳು. ಡಬ್ಬಿ ಮೇಜಿನ ಮೇಲಿತ್ತು. ಇಬ್ಬರೂ ಅದನ್ನು ನೋಡಲಿಲ್ಲ.

"ಒಂದ್ ಕೆಲ್ಸ ಮಾಡು," ಎಂದೆ. "ನೀನು ಓಣಿಗೆ ಹೋಗಿ ಬಾಗ್ಲು ತಟ್ಟು. ನಾನು ಒಳಗಡೆ ನೀನಾಗ್ತೀನಿ. ನಿನ್ ಏಪ್ರನ್ ಕೊಡು ಇಲ್ಲಿ."

"ನಿನ್ ಹೊಟ್ಟೆಗೆ ಇದು ಸುತ್ತೂ ಬರಲ್ಲ," ಎಂದಳು. ಆದರೆ ನಕ್ಕಳು. ನಿಜಕ್ಕೂ ಏಪ್ರನ್ ಬಿಚ್ಚಿದಳು. ಕೈಯಿಂದ ಕೂದಲು ಸರಿಮಾಡಿಕೊಂಡಳು. "ನಗ್ಬಾರ್ದು ಆಯ್ತಾ? ನಕ್ರೆ ನಿನ್ನ ಕೊಂದ್ಹಾಕ್ತೀನಿ," ಎಂದು ಹಿತ್ತಲ ಬಾಗಿಲ ಚಿಲಕಕ್ಕೆ ಕೈ ಹಾಕಿದಳು.

ಅಷ್ಟರಲ್ಲಿ ಹೊರಗಿನಿಂದ ಯಾರೋ ಬಾಗಿಲು ತಟ್ಟಿದರು.

ಹೋಬಾರ್ಟ್. ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. ಟೋಪಿ ಕೈಯಲ್ಲಿತ್ತು. ಮಧ್ಯಾಹ್ನದ ತಮಾಷೆ ಮುಖದಲ್ಲಿ ಎಲ್ಲೂ ಇರಲಿಲ್ಲ. "ಮಿಸ್ ವರ್ಡೆಲ್," ಎಂದ, "ಒಂದು ಲೋಟ... ಸಕ್ಕರೆ ಏನಾದ್ರೂ ಇದ್ರೆ..."

ಅವನ ತಪ್ಪೇನು? ಕರೆಂಟು ಹೋಗಿದ್ದು ಮಂಗಳವಾರ, ಪೆಟ್ಟಿಗೆ ಬಂದಿದ್ದು ಶುಕ್ರವಾರ. ಇಷ್ಟು ವರ್ಷ ಈ ಬೀದಿಯಲ್ಲಿ ಹಾಗೆಯೇ ನಡೆದಿತ್ತು. ವರ್ಡೆಲ್ ಒಂದು ಕ್ಷಣ ಬಾಗಿಲನ್ನೇ ಹಿಡಿದು ನಿಂತಳು. ಆಮೇಲೆ, ನನ್ನ ಕಣ್ಣೆದುರೇ, ತಿರುಗಿ ಮೇಜಿನ ಹತ್ತಿರ ಬಂದು ಡಬ್ಬಿಗೆ ಕೈ ಹಾಕಿದಳು. "ಇಲ್ಲದೆ ಏನು," ಎಂದಳು.

ಅವಳ ಮಾತು ಮುಗಿಯುವ ಮೊದಲು ಓಣಿಯಲ್ಲಿ ಇನ್ನೊಂದು ಹೆಜ್ಜೆ ಸಪ್ಪಳ. ಡೆಲ್ಫಿನ್. ಅವಳ ಕೈಯಲ್ಲಿ ನಿಜವಾಗಿಯೂ ಒಂದು ಗಾಜಿನ ಲೋಟ ಇತ್ತು. ಮೊದಲ ಸಲ ಕೇಳಲು ಬಂದವಳು, ಪದ್ಧತಿ ಗೊತ್ತಿಲ್ಲದೆ ಲೋಟ ತಂದಿದ್ದಳು. ಹೋಬಾರ್ಟ್‌ನನ್ನು ನೋಡಿ ಅಲ್ಲೇ ನಿಂತಳು. ಹೋಬಾರ್ಟ್ ಅವಳ ಲೋಟ ನೋಡಿದ.

ನನಗೆ ತಡೆಯಲಾಗಲಿಲ್ಲ. ಪಿಟೀಲು, ಬೂದಿ ಬಾಗಿಲು, ನವೆಂಬರು ಎಲ್ಲ ಒಟ್ಟಿಗೇ ಬಾಯಿಗೆ ಬಂತು. "ಸಕ್ಕರೆಯಿಲ್ಲ!" ಎಂದು ಕೂಗಿದೆ. "ಯಾರಿಗೂ ಇಲ್ಲ! ಈ ಸಲದ್ದು ಇವಳಿಗೇ. ಸೋಮವಾರ ಇವಳ ಗ್ಯಾಸ್ ಕಿತ್ಕೊಂಡ್ ಹೋಗ್ತಾರೆ, ಗೊತ್ತಾ? ಚಳಿಗಾಲ ಪೂರ್ತಿ ಇವಳ ಒಲೆ ಮುಂದೆ ಬೆಚ್ಚಗೆ ಕೂತ್ಕೊಂಡ್ರಲ್ಲ, ಆ ಬಿಲ್ ಯಾರಪ್ಪ ಕಟ್ತಾನೆ?"

ಡೆಲ್ಫಿನ್ ಲೋಟವನ್ನು ಅಂಗಿಯ ಹಿಂದೆ ಬಚ್ಚಿಟ್ಟುಕೊಂಡಳು. "ನಂಗೆ ಗೊತ್ತಿರ್ಲಿಲ್ಲ ಮಿಸ್ ವರ್ಡೆಲ್, ಕ್ಷಮ್ಸಿ," ಎಂದು ಬಂದ ದಾರಿಯಲ್ಲೇ ಓಡಿದಂತೆ ಹೋದಳು. ಹೋಬಾರ್ಟ್ ಟೋಪಿ ಹಾಕಿಕೊಂಡ. "ಅವಳ್ಗೆ ಕೊಡಿ," ಎಂದ, ಡೆಲ್ಫಿನ್ ಹೋದ ಕಡೆ ತೋರಿಸಿ. "ನಂಗೇನು, ಕತ್ತಲಲ್ಲಿ ಕೂತ್ರೂ ಆಗುತ್ತೆ. ಬಾಡಿಗೆ ಬಾಕಿಗೆ ಅವಳ ಮನೆಗೆ ಬುಧವಾರ ಬೀಗ ಹಾಕೋರು ಬರ್ತಾರಂತೆ." ಅವನೂ ಹೋದ.

ವರ್ಡೆಲ್ ನನ್ನ ಕಡೆ ತಿರುಗಿದಳು. ಅವಳು ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು.

"ನಮ್ಮಜ್ಜಿ ಕಾಲದಿಂದ ಈ ಬಾಗ್ಲಲ್ಲಿ ಯಾರ ಹೆಸರೂ ಯಾರೂ ಎತ್ತಿಲ್ಲ. ನೀನು ಒಂದೇ ಉಸಿರಲ್ಲಿ ಮೂರು ಜನರನ್ನ ಭಿಕ್ಷುಕರನ್ನಾಗಿ ಮಾಡ್ದೆ."

"ನಾನು ನಿನ್ನ ಒಲೆ ಉಳಿಸ್ತಿದೀನಿ."

"ನಿನ್ ಮನೆಗೆ ಹೋಗು ಥರ್ಲೋ."

ಹೋದೆ. ಹೋಗುವುದೆಷ್ಟು ದೂರ, ಗೋಡೆಯಾಚೆ. ಕೂತರೆ ಅವಳು ಪಾತ್ರೆ ತೊಳೆಯುವುದೆಲ್ಲ ಕೇಳಿಸುತ್ತಿತ್ತು.

ಶನಿವಾರ ಬೆಳಿಗ್ಗೆ ಅವಳು ಡಬ್ಬಿಯನ್ನು ಕೋಟಿನೊಳಗೆ ಇಟ್ಟುಕೊಂಡು ಡೆಲ್ಫಿನ್ ಮನೆಗೆ ಹೋದಳು. ನಾನು ಕಿಟಕಿಯಿಂದ ನೋಡುತ್ತಿದ್ದೆ. ತಟ್ಟಿದಳು, ಕರೆದಳು, ಆ ಬೂದಿ ಬಾಗಿಲಿಗೆ ಕಿವಿಯಿಟ್ಟಳು. ತೆರೆಯಲಿಲ್ಲ. ಭಾನುವಾರ ಚರ್ಚಿನಿಂದ ಬಂದ ಮೇಲೆ ಮತ್ತೆ ಹೋದಳು. ಮೇಲಿನ ಕಿಟಕಿಯ ಪರದೆ ಅಲ್ಲಾಡಿತು, ಬಾಗಿಲು ತೆರೆಯಲಿಲ್ಲ. ಹೋಬಾರ್ಟ್ ಅಂತೂ ಅವಳು ಬರುವುದನ್ನು ಕಂಡರೆ ಹಿತ್ತಲಿಂದ ಪರಾರಿ. ಎಂಥ ಕರ್ಮ ನೋಡಿ! ಇಡೀ ಬೀದಿಗೆ ದುಡ್ಡು ಬೇಕು, ದುಡ್ಡು ಡಬ್ಬಿಯಲ್ಲಿದೆ, ತೆಗೆದುಕೊಳ್ಳುವವರು ಒಬ್ಬರೂ ಇಲ್ಲ. ಹೆಸರು ಬಾಯಿಗೆ ಬಂದ ಮೇಲೆ ಆ ದುಡ್ಡು ಯಾರಿಗೂ ಮುಟ್ಟಲಾರದ್ದಾಯಿತು.

ಸೋಮವಾರ ಗ್ಯಾಸಿನವನು ಬಂದ. ನಮ್ಮ ಕಡೆಯ ಹುಡುಗನೇ, ಈಗ ದೊಡ್ಡ ಗಂಡಸು. ಅವನ ತಾಯಿಯ ಮಣ್ಣಿನ ಖರ್ಚಿಗೆ ವರ್ಡೆಲ್ ಮೀನು ಕರಿದಿದ್ದಳು. ಅವನು ವ್ಯಾನಿನಲ್ಲೇ ತಲೆ ತಗ್ಗಿಸಿ ಕೂತಿದ್ದ. ವರ್ಡೆಲ್ ಮನೆಯಲ್ಲಿರಲಿಲ್ಲ, ಮತ್ತೆ ಡೆಲ್ಫಿನ್ ಬಾಗಿಲಿಗೆ ಹೋಗಿದ್ದಳು, ಡಬ್ಬಿ ಕಂಡರೆ ತೆರೆಯುವುದಿಲ್ಲವೆಂದು ಈ ಸಲ ಬರಿಗೈಯಲ್ಲಿ.

"ನಾನು ಮೊದ್ಲು ಬೇರೆ ಬೀದಿ ಮುಗ್ಸ್ಕೊಂಡ್ ಬರ್ತೀನಿ ಮಿಸ್ಟರ್ ಥರ್ಲೋ," ಎಂದ. "ಊಟದ ಹೊತ್ತಿಗೆ ವಾಪಸ್ ಬರ್ಲೇಬೇಕು. ಅಷ್ಟರಲ್ಲಿ ಅವೆನ್ಯೂ ಅಂಗಡೀಲಿ ಕಟ್ಟಿ ರಸೀತಿ ತೋರ್ಸಿದ್ರೆ ನಾನು ಕೈ ಹಾಕಲ್ಲ."

ನಾನು ಹಿತ್ತಲಿಂದ ಅವಳ ಅಡುಗೆಮನೆಗೆ ಹೋದೆ. ಆ ಬಾಗಿಲಿಗೆ ಹಗಲಲ್ಲಿ ಚಿಲಕ ಹಾಕುವ ರೂಢಿಯಿಲ್ಲ. ಡಬ್ಬಿ ಮೇಜಿನ ಮೇಲಿತ್ತು, ಚೀಟಿ ಅದರ ಕೆಳಗೆ. ಎರಡನ್ನೂ ಎತ್ತಿಕೊಂಡೆ. ಚೆಕ್ ಮುರಿಸುವ ಅಂಗಡಿಯ ಗಾಜಿನ ಕಿಂಡಿಯಲ್ಲಿ ಮುದುಡಿದ ನೋಟುಗಳನ್ನೆಲ್ಲ ಒಂದೊಂದಾಗಿ ಬಿಡಿಸಿ ತಳ್ಳಿದೆ. ನೋಟುಗಳೆಲ್ಲ ಮೀನಿನ ವಾಸನೆ ಹೊಡೆಯುತ್ತಿದ್ದವು. ಒಳಗಿದ್ದವಳು ಮೂಗು ಮುಚ್ಚಿಕೊಂಡೇ ರಸೀತಿ ಕೊಟ್ಟಳು. ಕಡಿಮೆ ಬಿದ್ದದ್ದನ್ನು ನನ್ನ ಜೇಬಿನಿಂದ ಹಾಕಿದೆ.

ಗ್ಯಾಸ್ ಉಳಿಯಿತು. ನಾನು ಮಾಡಿದ್ದು ಸರಿ ಎಂದು ಆಗಲೂ ಅಂದುಕೊಂಡೆ, ಈಗಲೂ ಹೇಳುತ್ತೇನೆ. ಬಾಣಲೆಯೇ ಹೋದರೆ ಈ ಬೀದಿಗೆ ಮತ್ತೇನು ಉಳಿದಿದೆ? ವರ್ಡೆಲ್ ಬಂದು, ನಾನು ಮೇಜಿನ ಮೇಲೆ ವಾಪಸಿಟ್ಟಿದ್ದ ಖಾಲಿ ಡಬ್ಬಿ ನೋಡಿದಳು. ಗೋಡೆಯಾಚೆಯಿಂದ ಅವಳ ದನಿ ಬಂತು, ಮೆಲ್ಲಗೆ: "ಅದು ಡೆಲ್ಫಿನ್‌ದು." ನಾನೂ ಗೋಡೆಗೇ ಹೇಳಿದೆ: "ಅವಳ ಬಾಕಿಗೆ ಅದು ಯಾವ ಮೂಲೆಗೂ ಸಾಲ್ತಿರ್ಲಿಲ್ಲ ವರ್ಡೆಲ್!" ಆ ಕಡೆಯಿಂದ ಕುರ್ಚಿ ಎಳೆದ ಸದ್ದು. ಆಮೇಲೆ, "ಅರ್ಧ ಕೊಟ್ಟಿದ್ರೆ ಕಂಪನಿಯವ್ರು ಒಂದ್ ವಾರ ತಡೀತಿದ್ರೇನೋ. ಕೇಳೇ ನೋಡ್ಲಿಲ್ವಲ್ಲ ನಾವು." ತಡೆಯುತ್ತಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ಅದೇ ನನ್ನನ್ನು ಕೊರೆಯುತ್ತಿರುವುದು.

ಬುಧವಾರ ಬೀಗದವರು ಬಂದರು. ಡೆಲ್ಫಿನ್‌ಳ ಹಾಸಿಗೆ, ಮಕ್ಕಳ ಪುಸ್ತಕ, ಒಂದು ಫ್ಯಾನು ಪಾದಚಾರಿ ದಾರಿಯ ಮೇಲೆ ಬಿದ್ದವು. ಅವಳು ಕಾರಿಗೆ ಹಿಡಿಸಿದಷ್ಟು ತುಂಬಿದಳು. ಹೋಬಾರ್ಟ್ ಫ್ಯಾನು ಎತ್ತಿಕೊಡಲು ಹೋದ. ಅವಳು ಬೇಡವೆಂದು ಕೈಯಾಡಿಸಿದಳು. ವರ್ಡೆಲ್ ತನ್ನ ಮುಂಬಾಗಿಲ ಮೆಟ್ಟಿಲಿಳಿದು ಬರುವಷ್ಟರಲ್ಲಿ ಕಾರು ತಿರುವು ದಾಟಿತ್ತು.

ಶುಕ್ರವಾರ ಬೆಳಿಗ್ಗೆ ನನ್ನ ಅಡುಗೆಮನೆಗೆ ಮೀನಿನ ವಾಸನೆ ಬಂತು. ಹೊರಗೆ ಹೋಗಿ ನೋಡಿದರೆ ನೀಲಿ ಪೆಟ್ಟಿಗೆ ಮೆಟ್ಟಿಲ ಮೇಲಿತ್ತು. ನನ್ನನ್ನು ಕರೆಯದೆ, ಬಸ್ಸಿನಲ್ಲಿ ಹೋಗಿ ಮೀನು ತಂದಿದ್ದಳು. ನಾನೂ ಉಳಿದವರಂತೆ ಸಾಲಿನಲ್ಲಿ ನಿಂತೆ. ಯಾರಿಗೆ ಎಂದು ಕೇಳಲಿಲ್ಲ. ಆ ದಿನ ಇಡೀ ಸಾಲಿಗೆ ಅದು ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ. ಹೋಬಾರ್ಟ್ ಕೂಡ ತಮಾಷೆ ಮಾಡದೆ ದುಡ್ಡು ಹಾಕಿದ. ಅವನ ಕಿಟಕಿಯಲ್ಲಿ ಕಿತ್ತಳೆ ವೈರು ಇನ್ನೂ ತೂಗುತ್ತಿತ್ತು.

ನನ್ನ ಸರದಿ ಬಂದಾಗ ವರ್ಡೆಲ್ ಒಂದು ಪ್ಲೇಟ್ ಕೊಟ್ಟಳು. ಆಮೇಲೆ ಮೇಲಿಂದ ಮೇಲೆ ಇನ್ನೂ ಮೂರು ಇಟ್ಟಳು.

"ಈ ಮೂರು ನಿಂದಲ್ಲ," ಎಂದಳು. ವಾರದಲ್ಲಿ ಎದುರಿಗೆ ಆಡಿದ ಮೊದಲ ಮಾತು. "ಎಲ್ಲಿ ಮಲಗ್ತಿದಾಳೆ ಹುಡುಕು. ಊರೆಲ್ಲ ಬಸ್ ಓಡ್ಸಿದೀಯಲ್ಲ. ಸಿಕ್ಕಿದ್ರೆ ಹೇಳು, ನನ್ನ ಹತ್ರ ಸಕ್ಕರೆ ಇದೆ ಅಂತ. ಬೇರೆ ಒಂದು ಮಾತು ಆಡಿದ್ರೆ ನೋಡು."

ಹುಡುಕಿದೆ. ಆಸ್ಪತ್ರೆಯ ಪಕ್ಕದ ಬಯಲು, ಗ್ರಂಥಾಲಯದ ಹಿಂದಿನ ಬೀದಿ, ನದಿಯ ಕಡೆ. ಎಲ್ಲೆಲ್ಲಿ ಕಿಟಕಿಗೆ ಟವಲು ಕಟ್ಟಿದ ಕಾರುಗಳಿವೆಯೋ ಅಲ್ಲೆಲ್ಲ ನಿಧಾನಿಸಿದೆ. ಇಷ್ಟೊಂದು ಕಾರುಗಳಲ್ಲಿ ಜನ ಇದ್ದಾರೆಂದು, ಇದೇ ರಸ್ತೆಗಳಲ್ಲಿ ಜೀವಮಾನವಿಡೀ ಬಸ್ಸು ಓಡಿಸಿದ ನನಗೇ ಗೊತ್ತಿರಲಿಲ್ಲ. ಕೊನೆಗೆ ದೊಡ್ಡ ಕಿರಾಣಿ ಅಂಗಡಿಯ ಹಿಂದೆ, ಸಾಮಾನು ಇಳಿಸುವ ಜಾಗದಲ್ಲಿ ಅವಳ ಕಾರು ಕಂಡಿತು. ಹಿಂದಿನ ಸೀಟಿನಲ್ಲಿ ಹುಡುಗಿಯರು ಕೂತು ಮನೆಪಾಠ ಬರೆಯುತ್ತಿದ್ದರು. ಡೆಲ್ಫಿನ್ ಅದೇ ನೀಲಿ ಅಂಗಿಯಲ್ಲಿದ್ದಳು.

ಅವಳು ಕಿಟಕಿ ಇಳಿಸಿದಳು. ನಾನು ಪ್ಲೇಟುಗಳನ್ನು ಒಳಗೆ ಕೊಟ್ಟೆ. ಇನ್ನೂ ಬೆಚ್ಚಗಿದ್ದವು. ಹುಡುಗಿಯರು ಪುಸ್ತಕ ಮುಚ್ಚಿದರು.

"ಓ, ಇವತ್ತು ಶುಕ್ರವಾರ ಅಲ್ವಾ," ಎಂದಳು ಡೆಲ್ಫಿನ್. ಕೈಚೀಲ ತೆರೆದು ಹುಡುಕಿದಳು. ಮಡಚಿದ ಕೆಲವು ನೋಟುಗಳನ್ನು ತೆಗೆದು ನನ್ನ ಕೈಗೆ ಒತ್ತಿದಳು.

"ಏ, ಬೇಡಮ್ಮ."

"ತಗೊಳ್ಳಿ ಮಿಸ್ಟರ್ ಥರ್ಲೋ. ಪೆಟ್ಟಿಗೆ ಇಟ್ಟಿದಾರೆ ಅಂದ್ರೆ ಬೀದೀಲಿ ಯಾರಿಗೋ ಕಷ್ಟ ಇರ್ಬೇಕು."

ನನ್ನ ಬಾಯಿಗೆ ಹೆಸರು ಬಂದೇಬಿಟ್ಟಿತ್ತು. ನುಂಗಿದೆ. "ಮಿಸ್ ವರ್ಡೆಲ್ ಹತ್ರ ಸಕ್ಕರೆ ಇದೆ," ಎಂದೆ. "ಹಾಗಂತ ಹೇಳು ಅಂದ್ಲು."

ಅವಳಿಗೆ ಅರ್ಥವಾಯಿತು. ನನ್ನ ಕೈಯಲ್ಲಿದ್ದ ನೋಟುಗಳನ್ನೇ ಸ್ವಲ್ಪ ಹೊತ್ತು ನೋಡಿದಳು. ವಾಪಸು ಕೇಳಲಿಲ್ಲ. "ಸಕ್ಕರೆ ತಂದು ಎಲ್ಲಿಡ್ಲಿ?" ಎಂದಳು. ಆಮೇಲೆ ಮಕ್ಕಳ ಕಡೆ ತಿರುಗಿ ಮೀನಿನ ಮುಳ್ಳು ಬಿಡಿಸಿಕೊಡತೊಡಗಿದಳು.

ವಾಪಸು ಬಂದಾಗ ವರ್ಡೆಲ್ ಹಿತ್ತಲ ಬಾಗಿಲು ತೆರೆದಿಟ್ಟುಕೊಂಡು, ಏಪ್ರನ್ ಬಿಚ್ಚದೆ ಕೂತಿದ್ದಳು. ಡಬ್ಬಿ ಮುಂದಿತ್ತು.

"ಸಿಕ್ಕಿದ್ಲಾ?"

"ಸಿಕ್ಕಿದ್ಲು."

"ತಿಂದ್ರಾ ಮಕ್ಕಳು?"

"ತಿಂದ್ರು."

"ಸಕ್ಕರೆಗೆ ಏನಂದ್ಲು?"

ನಾನು ಜೇಬಿನಿಂದ ನೋಟುಗಳನ್ನು ತೆಗೆದು ಡಬ್ಬಿಗೆ ಹಾಕಿದೆ. "ಪ್ಲೇಟಿನ ದುಡ್ಡು ಕೊಟ್ಲು," ಎಂದೆ.